ತೊಟ್ಟಿಯ ಲೋಳೆಯೂ ತೋಟದ ಮಣ್ಣೂ

ಬಾಲ್ಯದಲ್ಲಿ ಬಚ್ಚಲಿನ ನೀರಿನ ತೊಟ್ಟಿಯನ್ನು ಉಜ್ಜುವ ಕೆಲಸ ನನ್ನ ಪಾಲಿಗಿತ್ತು. ನೀರು ಎಷ್ಟೇ ತಿಳಿಯಾಗಿರಲಿ, ತಾಯಿಯವರು ಗೋಡೆಗೆ ಬೆರಳು ತಾಗಿಸಿ, “ಲೋಳೆ ಹಾಗೆಯೇ ಇದೆಯಲ್ಲೋ” ಎನ್ನುವರು. ತೆಂಗಿನ ನಾರು ಹಿಡಿದು ಮತ್ತೆ ಉಜ್ಜದೆ ಗತಿಯಿರಲಿಲ್ಲ.

ಆ ಲೋಳೆ ಮರಳಿ ನೆನಪಾದುದು ಆಸ್ಪತ್ರೆಯಲ್ಲಿ. ಶಸ್ತ್ರಚಿಕಿತ್ಸೆಯಾದ ತಂದೆಯವರಿಗೆ ಮೂತ್ರ ಹೊರಹೋಗಲೆಂದು ನಳಿಕೆಯನ್ನಿರಿಸಿದ್ದರು. ಚಳಿಜ್ವರ ಬಂದಿತು, ಔಷಧಿಗೆ ಇಳಿಯಿತು, ನಾಲ್ಕು ದಿನಗಳಲ್ಲಿ ಮತ್ತೆ ಏರಿತು. ನಮ್ಮೆಲ್ಲರ ಮುಖ ಬಾಡಿತು. ವೈದ್ಯರು ಹೇಳಿದರು: “ಔಷಧಿ ರಕ್ತದಲ್ಲಿರುವ ಕ್ರಿಮಿಗಳನ್ನು ಕೊಲ್ಲುತ್ತದೆ. ನಳಿಕೆಯ ಗೋಡೆಗೆ ಅಂಟಿದವು ಉಳಿದುಬಿಡುತ್ತವೆ. ನಳಿಕೆಯನ್ನೇ ಬದಲಿಸೋಣ.” ಬದಲಿಸಿದರು, ಜ್ವರ ಬಿಟ್ಟಿತು.

ಬ್ಯಾಕ್ಟೀರಿಯಗಳು ಒಂಟಿಯಾಗಿ ಅಲೆಯುವುದಕ್ಕಿಂತ ಗುಂಪುಗೂಡಿ ನೆಲೆಸುವುದೇ ಹೆಚ್ಚು. ತಾವೇ ಸ್ರವಿಸಿದ ಅಂಟಿನಲ್ಲಿ ಹುದುಗಿ ಅವು ಕಟ್ಟುವ ಕೋಟೆಯೇ ಜೈವಿಕ ಪೊರೆ. ನಮ್ಮ ಹಲ್ಲಿನ ಪಾಚಿಯೂ ಅಂಥದೇ. ಒಂಟಿ ಕ್ರಿಮಿಯನ್ನು ಕೊಲ್ಲುವ ಔಷಧಿ, ಪೊರೆಯೊಳಗಿನ ಕ್ರಿಮಿಗೆ ನೂರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಬೇಕಾದೀತು.

ಈ ಕೋಟೆಯನ್ನು ಒಡೆಯುವ ಉಪಾಯವೆಲ್ಲಿ? ವಿಜ್ಞಾನಿಗಳ ಕಣ್ಣು ಕಾಲಡಿಯ ಮಣ್ಣಿನತ್ತ ಹರಿಯಿತು. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಅಮೆರಿಕದ ರಟ್‌ಗರ್ಸ್‌ನಲ್ಲಿ ದೊರೆತದ್ದು ಮಣ್ಣಿನ ಜೀವಿಯಿಂದಲೇ. ಒಂದು ಗ್ರಾಂ ಮಣ್ಣಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಗಳು ಅನ್ನಕ್ಕಾಗಿ, ಜಾಗಕ್ಕಾಗಿ ಸೆಣಸುತ್ತಿರುತ್ತವೆ. ಅಲ್ಲಿ ಅಸ್ತ್ರವೂ ಉಂಟು, ಪ್ರತ್ಯಸ್ತ್ರವೂ ಉಂಟು.

ಬ್ಯಾಕ್ಟೀರಿಯಗಳು ರಾಸಾಯನಿಕ ಸಂಕೇತಗಳ ಮೂಲಕ ಪರಸ್ಪರ ಮಾತನಾಡಿಕೊಳ್ಳುತ್ತವೆ. ಸ್ಯೂಡೋಮೊನಾಸ್ ಎಂಬ ರೋಗಕಾರಿಯಲ್ಲಿ ಈ ಮಾತು ನಿಂತರೆ ಪೊರೆ ಸರಿಯಾಗಿ ಬಲಿಯುವುದಿಲ್ಲವೆಂಬುದು 1998ರಲ್ಲಿ ಪ್ರಕಟವಾಯಿತು. 2000ದಲ್ಲಿ ಸಿಂಗಪುರದ ಸಂಶೋಧಕರು ಮಣ್ಣಿನ ಬ್ಯಾಸಿಲಸ್ ಒಂದರಲ್ಲಿ ಇಂಥ ಸಂಕೇತವನ್ನೇ ಮುರಿಯುವ ಕಿಣ್ವವನ್ನು ಕಂಡರು. ಅದರ ವಂಶವಾಹಿಯನ್ನು ತರಕಾರಿ ಕೊಳೆಸುವ ಒಂದು ಬ್ಯಾಕ್ಟೀರಿಯಕ್ಕೆ ಸೇರಿಸಿದಾಗ, ಅದು ಬದುಕಿದ್ದೂ ಆಲೂಗೆಡ್ಡೆ, ಬದನೆಗಳನ್ನು ಮೊದಲಿನಂತೆ ಕೆಡಿಸಲಾರದೆ ಹೋಯಿತು. ಕೊಲ್ಲಲಿಲ್ಲ, ಬಾಯಿ ಕಟ್ಟಿತು, ಅಷ್ಟೆ. ಕೊಲ್ಲುವ ಔಷಧಿಗೆ ಕ್ರಿಮಿಗಳು ಬೇಗನೆ ಒಗ್ಗಿಕೊಳ್ಳುತ್ತಿರುವ ಈ ಕಾಲದಲ್ಲಿ ಇದು ಸಣ್ಣ ಆಸೆಯಲ್ಲ.

ಆದರೆ ಆಸೆ ಬೇರೆ, ಔಷಧಿ ಬೇರೆ. ಎಲ್ಲ ಬ್ಯಾಕ್ಟೀರಿಯಗಳ ಭಾಷೆಯೂ ಒಂದೇ ಅಲ್ಲ. ಒಂದರ ಬಾಯಿ ಕಟ್ಟಿದ ಕಿಣ್ವ ಇನ್ನೊಂದರ ಮುಂದೆ ಸೋಲಬಹುದು. ಪ್ರಯೋಗಶಾಲೆಯಿಂದ ರೋಗಿಯ ಹಾಸಿಗೆಯವರೆಗಿನ ದಾರಿಯೂ ದೀರ್ಘ.

ಅಲ್ಲಿಯವರೆಗೆ ನಮಗೆ ದಿಕ್ಕು ಹಳೆಯ ಉಪಾಯವೇ: ಹಲ್ಲನ್ನು ಉಜ್ಜುವುದು, ತೊಟ್ಟಿಯನ್ನು ತಿಕ್ಕುವುದು, ಬೇಡವಾದ ನಳಿಕೆಯನ್ನು ತಡಮಾಡದೆ ತೆಗೆಸುವುದು. ತಂದೆಯವರು ಮನೆಗೆ ಬಂದ ಸಂಜೆ ತಾಯಿಯವರಿಗೆ ಈ ವಿಷಯವನ್ನೆಲ್ಲ ವಿವರಿಸಿದೆ. ಶಾಂತವಾಗಿ ಕೇಳಿ, “ತೊಟ್ಟಿ ಉಜ್ಜಿ ಎಷ್ಟು ದಿನವಾಯಿತು?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ, ನಾರು ಹುಡುಕಹೊರಟೆ.