ನಮ್ಮ ಮಗ ‘ಬ್ಯಾಡ’ ಅನ್ನಲಿಕ್ಕೆ ಕಾಯ್ದೆ ಬೇಕು

ಆರಗ, ಬೇಡಗ ಮತ್ತು ಸುತ್ತಲಿನ ಊರುಗಳ ಅಣ್ಣತಮ್ಮಂದಿರೇ, ಅವ್ವಂದಿರೇ,

ನಸುಕಿನಲ್ಲಿ ನಮ್ಮ ರಸ್ತೆಯ ಮೇಲೆ ಹುಡುಗರು ಓಡುವ ಸಪ್ಪಳ ಕೇಳುತ್ತದೆ. ಭರ್ತಿಯ 1.6 ಕಿಲೋಮೀಟರ್ ಓಟಕ್ಕೆ ತಯಾರಿ. ಅವರೊಳಗೆ ನನ್ನ ಮಗನೂ ಒಬ್ಬ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರದೊಳಗೆ ಅವನು ಕಾಲಿಟ್ಟರೆ ಸಾಕೆಂದು ಹರಕೆ ಹೊತ್ತವಳು ನಾನು. ಇದು ಸೈನ್ಯದ ವಿರುದ್ಧದ ಕಾಗದವೆಂದು ಯಾರೂ ಬದಿಗಿಡಬೇಡಿ. ನನ್ನ ಭಯ ಬೇರೆ: ಸಿಪಾಯಿಯ ಮಿದುಳನ್ನು ಚುರುಕು ಮಾಡಲೆಂದು ತಲೆಗೆ ಕರೆಂಟು ಹರಿಸುವ ಸಾಧನ.

ಅಮೆರಿಕದ ವಾಯುಪಡೆಯ ವಿಜ್ಞಾನಿಗಳು ಓಹಾಯೋದ ರೈಟ್-ಪ್ಯಾಟರ್ಸನ್ ನೆಲೆಯ ಸಿಬ್ಬಂದಿಯ ತಲೆಗೆ ಎಲೆಕ್ಟ್ರೋಡ್ ಹಚ್ಚಿ 2 ಮಿಲಿಆಂಪಿಯರ್ ಕರೆಂಟು ಹರಿಸಿದರು. ಒಂದೇ ಹೊತ್ತಿಗೆ ನಾಲ್ಕು ಕೆಲಸ ನೋಡಿಕೊಳ್ಳುವ ಕಂಪ್ಯೂಟರ್ ಪರೀಕ್ಷೆಯಲ್ಲಿ ಕರೆಂಟು ಪಡೆದವರೇ ಮುಂದಿದ್ದರು ಎಂದು 2016ರಲ್ಲಿ ಪ್ರಕಟಿಸಿದರು. ಹೀಗೆ ಕರೆಂಟು ಹರಿಸುವ, ಹೆಡ್‌ಫೋನಿನಂಥ ಸಾಧನವೊಂದನ್ನು ಅಲ್ಲಿನ ನೌಕಾಪಡೆಯ ಸೀಲ್ ಕಮಾಂಡೊಗಳೂ ಬಳಸಿ ನೋಡಿದ್ದಾರೆ. ಒಂದು ಸೈನ್ಯ ಹಿಡಿದ ದಾರಿಯನ್ನು ಇನ್ನೊಂದು ಸೈನ್ಯ ಬಿಡುವುದಿಲ್ಲ.

ಕರೆಂಟೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಯಾರೂ ಆಡದ ಮಾತು ಕಿವಿಗೆ ಬಿದ್ದು ಒದ್ದಾಡುವ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಇದೇ ವಿಧಾನ ಬಳಸುತ್ತಾರೆ. ಅಲ್ಲಿ ರೋಗವಿದೆ, ವೈದ್ಯರಿದ್ದಾರೆ, ಒಪ್ಪಿಗೆ ಕೇಳುತ್ತಾರೆ. ನಮ್ಮ ಮಿರಜಿನ ದವಾಖಾನೆಗೆ ಅಥಣಿ, ರಾಯಬಾಗದಿಂದ ಬಂದ ಮುದುಕಿಗೂ ಆಪರೇಶನ್ನಿಗೆ ಮೊದಲು ತಿಳಿಸಿ ಹೇಳಿಯೇ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು. ರೋಗವೇ ಇಲ್ಲದ ಇಪ್ಪತ್ತರ ಹುಡುಗನ ಮಿದುಳಿಗೆ ಹುಕುಮಿನ ಮೇಲೆ ಕರೆಂಟು ಹರಿಸುವುದು ಬೇರೆಯೇ ಸಂಗತಿ. ಮೇಲಧಿಕಾರಿಯ ಹುಕುಮನ್ನು ಬೇಕೆಂತಲೇ ಮೀರಿದರೆ 1950ರ ಸೇನಾ ಕಾಯ್ದೆಯ 41ನೇ ಕಲಮಿನಂತೆ 14 ವರ್ಷದವರೆಗೆ ಜೈಲು.

ಹುಕುಮಿನ ಹೆಸರಿನಲ್ಲಿ ಏನಾಗಬಹುದೆಂದು ನಮ್ಮ ಸಿಪಾಯಿಗಳು ಅನುಭವಿಸಿದ್ದಾರೆ. 1930ರ ದಶಕದಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ರಾವಲ್ಪಿಂಡಿಯಲ್ಲಿ ಬ್ರಿಟಿಷ್ ವಿಜ್ಞಾನಿಗಳು ನೂರಾರು ಭಾರತೀಯ ಸಿಪಾಯಿಗಳ ಮೇಲೆ ಸಾಸಿವೆ ಅನಿಲವನ್ನು ಪರೀಕ್ಷಿಸಿದರು. ಬರೀ ಚಡ್ಡಿ, ಹತ್ತಿ ಅಂಗಿಯಲ್ಲಿ ಅನಿಲದ ಕೋಣೆಗೆ ಕಳಿಸಿದರು. ಮೈ ಸುಟ್ಟು ಆಸ್ಪತ್ರೆ ಸೇರಿದವರಿದ್ದರು. ಪತ್ರಿಕೆಯಲ್ಲಿ ಇದು ಬಯಲಾದದ್ದು 2007ರಲ್ಲಿ. ಅಷ್ಟೊತ್ತಿಗೆ ಅವರ ಮಕ್ಕಳೂ ಮುದುಕರಾಗಿದ್ದರು.

ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಮೊಕದ್ದಮೆಯಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಯಾರಿಗೂ ಮಂಪರು ಪರೀಕ್ಷೆ, ಬ್ರೇನ್ ಮ್ಯಾಪಿಂಗ್ ಮಾಡಕೂಡದು ಎಂದಿತು. ಕೊಲೆಯ ಆರೋಪ ಹೊತ್ತವನ ಮಿದುಳಿಗೆ ಇರುವ ಕಾವಲು ಗಡಿ ಕಾಯುವವನ ಮಿದುಳಿಗೆ ಬೇಡವೇ? ಆದರೆ ಸಂವಿಧಾನದ 33ನೇ ವಿಧಿಯಂತೆ ಸೈನಿಕನ ಮೂಲಭೂತ ಹಕ್ಕುಗಳನ್ನು ಸಂಸತ್ತು ಮೊಟಕು ಮಾಡಬಹುದು. ಆದ್ದರಿಂದ ಸೈನಿಕನ ಒಪ್ಪಿಗೆಯೂ ಬೇಕೆಂದು ಸಂಸತ್ತೇ ಬಾಯಿಬಿಟ್ಟು ಹೇಳಬೇಕು.

ಅಗ್ನಿವೀರರ ಪಾಡು ನೋಡಿ. ನಾಲ್ಕು ವರ್ಷದ ನೌಕರಿ, ಆಮೇಲೆ ಉಳಿಯುವವರು ಹೆಚ್ಚೆಂದರೆ ನೂರಕ್ಕೆ 25 ಎಂಬುದು 2022ರ ಯೋಜನೆಯ ಲೆಕ್ಕ. ಆ 25ರೊಳಗೆ ಸೇರಲು ಒದ್ದಾಡುವ ಹುಡುಗ, ಪಕ್ಕದವನು ಹೆಡ್‌ಸೆಟ್ ಹಾಕಿಕೊಂಡು ಗುರಿ ಹೊಡೆಯುತ್ತಿದ್ದರೆ, ‘ನನಗ ಬ್ಯಾಡ್ರೀ ಸಾಹೇಬ್ರ’ ಅಂದಾನೇ? ಊರಿಗೆ ಮರಳಿದವನಿಗೆ ಪಿಂಚಣಿಯಿಲ್ಲ, ಮಾಜಿ ಸೈನಿಕರ ಆರೋಗ್ಯ ಯೋಜನೆಯೂ ಇಲ್ಲ. ಮೂವತ್ತರಲ್ಲಿ ತಲೆ ಕೆಟ್ಟು ನಿದ್ದೆ ಬಾರದಂತಾದರೆ ಹೊಲ ಮಾರಿ ಮಿರಜಿಗೆ ಓಡಬೇಕಾದವರು ನಾವು.

ಸಾಧನ ಬರುವ ಮೊದಲೇ ಕಾಯ್ದೆ ಬರಲಿ. ಒಪ್ಪಿಗೆ ಪತ್ರ ಹುಡುಗನ ಮನೆಮಾತಿನಲ್ಲಿರಬೇಕು, ನಮ್ಮ ಕಡೆ ಕನ್ನಡ, ಮರಾಠಿ ಎರಡರಲ್ಲೂ. ಅದನ್ನು ಪಡೆಯುವ ವೈದ್ಯರು ಅವನ ಅಧಿಕಾರಿಯ ಕೈಕೆಳಗಿನವರಾಗಿರಬಾರದು. ಬೇಡವೆಂದವನ ಮಾತು ಬಡ್ತಿಯ ಕಡತಕ್ಕಾಗಲಿ, ನೌಕರಿಯಲ್ಲಿ ಉಳಿಸಿಕೊಳ್ಳುವವರ ಕಡತಕ್ಕಾಗಲಿ ಹೋಗಬಾರದು. ಎಷ್ಟು ಸಲ, ಎಷ್ಟು ಕರೆಂಟು ಹರಿಸಿದರೆಂಬ ದಾಖಲೆಯ ಒಂದು ಪ್ರತಿ ಅವನ ಕೈಗೆ ಸಿಗಬೇಕು. ತೊಂದರೆಯಾದರೆ ಕೊನೆಯ ತನಕ ಸರಕಾರದ್ದೇ ಉಪಚಾರ.

ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಗಳ ಠರಾವು ಮಂಡಿಸುತ್ತೇನೆ. ಪಾಸಾದರೆ ಸಾಂಗಲಿಯ ಸಂಸದರಿಗೆ ಕಳಿಸೋಣ. ನಸುಕಿನಲ್ಲಿ ಓಡುವ ಹುಡುಗರನ್ನೂ ಕರೆದುಕೊಂಡು ಬನ್ನಿ, ಅವರ ಸಹಿಯೂ ಇರಲಿ.

ಆರಗದ ಒಬ್ಬ ತಾಯಿ