ತೇಲುವ ಚಿಪ್ಸು

‘ಹೊತ್ತಿಲ್ಲ ಗೊತ್ತಿಲ್ಲ, ಸದಾ ಆ ಕಾರ್ಟೂನು. ನೀವಾದರೂ ಬುದ್ಧಿ ಹೇಳಿ ಮೇಷ್ಟ್ರೇ’ ಎಂದು ಒಂಬತ್ತನೆಯ ತರಗತಿಯ ಹುಡುಗನೊಬ್ಬನ ತಂದೆ ದೂರು ತಂದರು. ಅದು ಅಮೆರಿಕದಲ್ಲಿ 1989ರಲ್ಲಿ ಆರಂಭವಾದ ‘ದಿ ಸಿಂಪ್ಸನ್ಸ್’. ಬುದ್ಧಿ ಹೇಳುವ ಮುನ್ನ ಹುಡುಗನ ಜೊತೆ ಕುಳಿತು ನಾನೂ ಒಂದು ಕಂತು ನೋಡಿದೆ.

1994ರ ಆ ಕಂತಿನಲ್ಲಿ ಹೋಮರ್ ಎಂಬ ಹೊಟ್ಟೆಬಾಕ ಬಾಹ್ಯಾಕಾಶಕ್ಕೆ ಹೋಗುತ್ತಾನೆ. ಕದ್ದು ಒಯ್ದ ಆಲೂಗಡ್ಡೆ ಚಿಪ್ಸಿನ ಪೊಟ್ಟಣವನ್ನು ಒಡೆಯುತ್ತಾನೆ. ಚಿಪ್ಸು ನೌಕೆಯ ತುಂಬ ತೇಲುತ್ತವೆ. ಸ್ಟ್ರಾಸ್‌ನ ‘ಬ್ಲೂ ಡ್ಯಾನ್ಯೂಬ್’ ಸಂಗೀತಕ್ಕೆ ಈತ ಮೀನಿನಂತೆ ಈಜುತ್ತ ಒಂದೊಂದನ್ನೇ ಬಾಯಿಗೆ ಹಾಕಿಕೊಳ್ಳುತ್ತಾನೆ. ಹುಡುಗ ನಕ್ಕ. ನಾನೂ ನಕ್ಕೆ, ಆದರೆ ನನ್ನ ಕಾರಣ ಬೇರೆ. ಸ್ಟ್ಯಾನ್ಲಿ ಕ್ಯೂಬ್ರಿಕ್ 1968ರಲ್ಲಿ ತೆರೆಗೆ ತಂದ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದ ಅಣಕವಿದು. ಅಲ್ಲಿ ಇದೇ ಸಂಗೀತಕ್ಕೆ ನೌಕೆಯೊಂದು ಬಲು ಗಂಭೀರವಾಗಿ ಬಾಹ್ಯಾಕಾಶ ನಿಲ್ದಾಣವನ್ನು ಸೇರುತ್ತದೆ. ಆ ಚಿತ್ರದಲ್ಲಿ ವಾನರ ಮೇಲಕ್ಕೆಸೆದ ಎಲುಬು ಕಣ್ಣೆದುರೇ ಉಪಗ್ರಹವಾಗುತ್ತದೆ. ಕಾರ್ಟೂನಿನಲ್ಲಿ ಹೋಮರನ ಮಗ ಬಾರ್ಟ್ ಎಸೆದ ಮಾರ್ಕರ್ ಪೆನ್ನಿಗೂ ಅದೇ ಗತಿ!

‘ಚಿಪ್ಸು ಏಕಪ್ಪಾ ತೇಲುತ್ತವೆ?’ ಎಂದೆ.

‘ಅಲ್ಲಿ ಗುರುತ್ವ ಇರೋದಿಲ್ಲ ಸಾರ್.’

ನಾನೇ ಪಾಠ ಹೇಳಿದ ಹುಡುಗ! 400 ಕಿಲೋಮೀಟರ್ ಎತ್ತರದಲ್ಲೂ ಭೂಮಿಯ ಗುರುತ್ವ ನೆಲದ ಮೇಲಿನದರ ಸುಮಾರು ಶೇಕಡಾ 90ರಷ್ಟು ಇರುತ್ತದೆ. ನೌಕೆ, ಹೋಮರ್, ಚಿಪ್ಸು ಎಲ್ಲವೂ ಭೂಮಿಯತ್ತ ಒಟ್ಟಿಗೇ ಬೀಳುತ್ತಿರುತ್ತವೆ. ಅಡ್ಡಕ್ಕೆ ಸಾಗುವ ವೇಗ ಅಪಾರವಾದ್ದರಿಂದ ನೆಲ ಮುಟ್ಟದೆ ಸುತ್ತುತ್ತವೆ, ಅಷ್ಟೆ. ಒಟ್ಟಿಗೆ ಬೀಳುವಾಗ ಒಂದು ಇನ್ನೊಂದರ ಮೇಲೆ ಭಾರ ಹಾಕುವುದಿಲ್ಲ.

ಚಿಪ್ಸಿನಿಂದ ಉಪಕರಣಗಳು ಕೆಟ್ಟಾವು ಎಂದು ಕಾರ್ಟೂನಿನ ಸಹಯಾತ್ರಿಕರು ಬೊಬ್ಬೆ ಹಾಕುವುದೂ ಬರೀ ತಮಾಷೆಯಲ್ಲ. 1965ರಲ್ಲಿ ಜೆಮಿನಿ-3 ನೌಕೆಗೆ ಜಾನ್ ಯಂಗ್ ಗುಟ್ಟಾಗಿ ಸ್ಯಾಂಡ್‌ವಿಚ್ ಒಯ್ದಿದ್ದರು. ಅದರ ಚೂರುಗಳು ತೇಲತೊಡಗಿ, ಮಾತು ಅಮೆರಿಕದ ಸಂಸತ್ತಿನವರೆಗೂ ಹೋಯಿತು.

ಇನ್ನು ಕ್ಯೂಬ್ರಿಕ್. ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೂ ಒಂದು ವರ್ಷ ಮೊದಲೇ ಬಂದ ಆ ಚಿತ್ರದಲ್ಲಿ ಪೆನ್ನೊಂದು ಗಾಳಿಯಲ್ಲಿ ತೇಲುತ್ತದೆ. ಕಂಪ್ಯೂಟರ್ ಚಮತ್ಕಾರವೇನೂ ಇಲ್ಲ: ಪೆನ್ನನ್ನು ದೊಡ್ಡ ಗಾಜಿಗೆ ಅಂಟಿಸಿ, ಗಾಜನ್ನು ನಿಧಾನವಾಗಿ ತಿರುಗಿಸಿದರು. ಗಗನಸಖಿ ಅದನ್ನು ಕಿತ್ತುಕೊಳ್ಳುವ ಕ್ಷಣವನ್ನು ಗಮನಿಸಬೇಕು.

ತಂದೆ-ಮಗ ಒಟ್ಟಿಗೆ ಕುಳಿತು ಆ ಹಳೆಯ ಚಿತ್ರ ನೋಡಿ ಎಂದು ಹೇಳಿ ಕಳುಹಿಸಿದೆ. ತಂದೆ ಅರ್ಧಕ್ಕೇ ನಿದ್ದೆ ಹೋದರಂತೆ. ಹುಡುಗ ಮಾತ್ರ ಪೆನ್ನಿನ ದೃಶ್ಯವನ್ನು ಮೂರು ಸಲ ಹಾಕಿ ನೋಡಿದನಂತೆ, ಗಾಜಿನ ಅಂಚು ಕಾಣುವುದೇನೋ ಎಂದು.