ಬೆಳಕಿನ ಗುಂಡಿ ಯಾರ ಕೈಯಲ್ಲಿ?

ಸಂಬಳ, ರಜೆ, ಬೋನಸ್ಸು, ಮಲಗಲು ಜಾಗ ಇವುಗಳ ವಿಚಾರವಾಗಿ ಈ ಪತ್ರಿಕೆಯಲ್ಲಿ ನಾವು ಮತ್ತೆ ಮತ್ತೆ ಬರೆಯುತ್ತೇವೆ. ಬರೆಯಲೇಬೇಕು. ಆದರೆ ನಮ್ಮ ತಲೆಯ ಮೇಲೆ ಉರಿಯುವ ದೀಪದ ವಿಚಾರ ಯಾರೂ ಎತ್ತುವುದಿಲ್ಲ. ದೀಪವೆಂದರೆ ಧಣಿಗಳ ವಿಷಯ, ಬಿಲ್ಲು ಕಟ್ಟುವವರು ಅವರು, ನಮಗೇಕೆ ಎಂದು ಸುಮ್ಮನಿರುತ್ತೇವೆ. ಬಿಲ್ಲು ಕಟ್ಟುವವರು ಅವರೇ ಇರಬಹುದು. ಬೆಲೆ ತೆರುವುದು ನಮ್ಮ ಕಣ್ಣು, ನಮ್ಮ ಬೆರಳು. ಆದುದರಿಂದ ದೀಪ ಆರಿಸುವಾಗ ನಮ್ಮ ಮಾತೂ ನಡೆಯಬೇಕು ಎಂಬುದು ನಮ್ಮ ವಾದ.

ಮುಂಬಯಿಯಲ್ಲಿ ಹೋಟೆಲು ರಿಪೇರಿಗೆ ಹಿಡಿದರೆ ಮೊದಲು ಬದಲಾಗುವುದು ಗಿರಾಕಿಗಳು ಕೂಡುವ ಹಾಲಿನ ದೀಪ. ಬೆಳಿಗ್ಗೆ ಇಡ್ಲಿ ತಿನ್ನುವವರಿಗೆ ಬೆಳ್ಳನೆಯ ಬೆಳಕು, ರಾತ್ರಿ ಸಂಸಾರ ಸಮೇತ ಬರುವವರಿಗೆ ತಂಪು ಬೆಳಕು. ಗಲ್ಲಾದ ಪಕ್ಕದ ಗುಂಡಿ ತಿರುಗಿಸಿದರೆ ಸಾಕು. ಇದಕ್ಕೆ ನಮ್ಮ ಆಕ್ಷೇಪವಿಲ್ಲ. ಗಿರಾಕಿ ಸಂತೋಷವಾಗಿದ್ದರೆ ನಮಗೂ ಅನ್ನ. ಆದರೆ ಬಾಗಿಲು ದಾಟಿ ಒಳಗೆ ಬಂದು ನೋಡಿ. ದೋಸೆ ಕಾವಲಿಯ ಎದುರು, ತರಕಾರಿ ಹೆಚ್ಚುವ ಮಣೆಯ ಮೇಲೆ, ಪಾತ್ರೆ ತೊಳೆಯುವ ಮೋರಿಯ ಬಳಿ ಎರಡೂ ತುದಿ ಕಪ್ಪಾದ ಟ್ಯೂಬು ಮಿಣುಕುತ್ತಿರುತ್ತದೆ. ಹಾಲಿನಿಂದ ಕಿತ್ತ ಹಳೆಯ ಪಟ್ಟಿಯೇ ಅಡುಗೆಮನೆಗೆ ಬರುವುದೂ ಉಂಟು.

ಬೆಳಕು ಯಾರ ಕೈಯಲ್ಲಿದೆಯೋ ಕೆಲಸಗಾರನ ದಿನವೂ ಅವರ ಕೈಯಲ್ಲಿರುತ್ತದೆ. ಇದು ಗಿರಣಿ ಬಂಧುಗಳಿಗೆ ಹೊಸ ಮಾತಲ್ಲ. ಹಿಂದೆ ಮುಂಬಯಿಯ ಗಿರಣಿಗಳು ಸೂರ್ಯ ಹುಟ್ಟುವಾಗ ಶುರುವಾಗಿ ಸೂರ್ಯ ಮುಳುಗುವಾಗ ನಿಲ್ಲುತ್ತಿದ್ದವು. ವಿದ್ಯುದ್ದೀಪ ಬಂದ ಮೇಲೆ ಸೂರ್ಯನ ಹಂಗು ತಪ್ಪಿತು; ಕೆಲಸದ ದಿನ ಹದಿನಾಲ್ಕು, ಹದಿನೈದು ತಾಸಿಗೆ ಬೆಳೆಯಿತು. ಇದರ ವಿರುದ್ಧ 1905ರ ಸುಮಾರಿಗೆ ದೊಡ್ಡ ಕೂಗೆದ್ದು, 1911ರ ಕಾಯಿದೆಯಲ್ಲಿ ಬಟ್ಟೆ ಗಿರಣಿಯ ಗಂಡಾಳುಗಳಿಗೆ 12 ತಾಸಿನ ಮಿತಿ ಬಂತು. ದೀಪದಲ್ಲಿ ದೋಷವಿರಲಿಲ್ಲ. ಅದನ್ನು ಯಾರ ಅನುಕೂಲಕ್ಕೆ ಹಚ್ಚಿದರು ಎಂಬುದರಲ್ಲಿ ದೋಷವಿತ್ತು.

ಮಾತಾಡಬೇಕಾದರೆ ವಿಷಯ ತಿಳಿದಿರಬೇಕು. ಟ್ಯೂಬಿನೊಳಗೆ ಸ್ವಲ್ಪ ಪಾದರಸದ ಆವಿ ಇರುತ್ತದೆ. ಕರೆಂಟು ಹರಿದಾಗ ಆ ಆವಿ ಕಣ್ಣಿಗೆ ಕಾಣದ ಕಿರಣ ಬಿಡುತ್ತದೆ. ಗಾಜಿನ ಒಳಮೈಗೆ ಬಳಿದ ಪುಡಿ ಅದನ್ನು ಕಾಣುವ ಬೆಳಕಾಗಿ ಮಾಡುತ್ತದೆ. ಕರೆಂಟು ಮಿತಿಮೀರದಂತೆ ಹಿಡಿದಿಡುವುದು ಚೋಕು. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಆವರ್ತನದ್ದು. ಆದ್ದರಿಂದ ಹಳೆಯ ಕಬ್ಬಿಣದ ಚೋಕಿನ ಟ್ಯೂಬು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ಅದು ತಿಳಿಯದಿದ್ದರೂ ಕೆಲವರಿಗೆ ತಲೆನೋವು, ಕಣ್ಣುರಿ ತರುತ್ತದೆ. ಅದಕ್ಕಿಂತ ಅಪಾಯದ ಮಾತೆಂದರೆ, ಈ ಏರಿಳಿತಕ್ಕೆ ಹೊಂದಿಕೆಯಾಗುವ ವೇಗದಲ್ಲಿ ತಿರುಗುವ ಚಕ್ರ ನಿಂತಂತೆಯೋ ನಿಧಾನವಾದಂತೆಯೋ ತೋರುತ್ತದೆ. ನಿಂತಿದೆಯೆಂದು ಕೈ ಹಾಕಿದವನ ಗತಿ ಹೇಳಬೇಕಾಗಿಲ್ಲ. ಅದಕ್ಕಾಗಿಯೇ ತಿಳಿದ ಕಾರ್ಖಾನೆಗಳಲ್ಲಿ ಅಕ್ಕಪಕ್ಕದ ಟ್ಯೂಬುಗಳನ್ನು ಬೇರೆ ಬೇರೆ ಫೇಸಿಗೆ ಜೋಡಿಸುತ್ತಿದ್ದರು. ಎಲೆಕ್ಟ್ರಾನಿಕ್ ಚೋಕು ಸೆಕೆಂಡಿಗೆ 20,000ಕ್ಕೂ ಮೀರಿದ ಆವರ್ತನದಲ್ಲಿ ದೀಪ ನಡೆಸುವುದರಿಂದ ಈ ತೊಂದರೆ ಬಹುಮಟ್ಟಿಗೆ ಇಲ್ಲವಾಗುತ್ತದೆ.

ಇನ್ನು ಬೆಳಕು ತಗ್ಗಿಸುವ ಮಾತು. ಹಳೆಯ ಕಾಲದ ತಂತಿ ಬಲ್ಬಿಗೆ ಹಾಕುವ ಗುಂಡಿಯನ್ನು ಸಾಮಾನ್ಯ ಟ್ಯೂಬಿಗೆ ಹಾಕಿದರೆ ಕೆಲಸ ಕೆಡುತ್ತದೆ. ಟ್ಯೂಬಿನ ಎರಡು ತುದಿಯಲ್ಲಿರುವ ಸಣ್ಣ ತಂತಿಸುರುಳಿ ಬಿಸಿಯಾಗಿಯೇ ಇರಬೇಕು. ಸಾಮಾನ್ಯ ಪಟ್ಟಿಯಲ್ಲಿ, ಒಮ್ಮೆ ಹೊತ್ತಿಕೊಂಡ ಮೇಲೆ, ಹರಿಯುವ ಕರೆಂಟೇ ಅದನ್ನು ಬಿಸಿ ಇಡುತ್ತದೆ. ಕರೆಂಟು ತಗ್ಗಿಸಿದರೆ ಸುರುಳಿ ತಣಿಯುತ್ತದೆ, ಅದರ ಮೇಲಿನ ಲೇಪ ಉದುರುತ್ತದೆ, ತುದಿ ಕಪ್ಪಾಗುತ್ತದೆ, ದೀಪ ಮಿಣುಕಿ ಬೇಗ ಸಾಯುತ್ತದೆ. ಆದ್ದರಿಂದ ತಗ್ಗಿಸುವ ಟ್ಯೂಬಿಗೆ ಅದಕ್ಕೆಂದೇ ಮಾಡಿದ ಚೋಕು ಬೇಕು. ಅದು ಬೆಳಕು ತಗ್ಗಿಸಿದಾಗಲೂ ಸುರುಳಿಯನ್ನು ಬೇರೆಯಾಗಿ ಬಿಸಿ ಮಾಡುತ್ತಿರುತ್ತದೆ. ಗುಂಡಿಯೂ ಆ ಚೋಕಿಗೆ ಒಪ್ಪುವಂಥದಾಗಿರಬೇಕು. ಟ್ಯೂಬಿನ ನಾಲ್ಕು ಕಾಲುಗಳಿಗೂ ತಂತಿ ಹೋಗಬೇಕು. ಪಟ್ಟಿಯ ತಗಡಿಗೆ ಅರ್ಥಿಂಗ್ ಇರಬೇಕು. ಅದು ಜೀವರಕ್ಷಣೆಗೂ ಬೇಕು, ದೀಪ ಸರಿಯಾಗಿ ಹೊತ್ತಿಕೊಳ್ಳಲಿಕ್ಕೂ ಬೇಕು. ಒಂದೇ ಗುಂಡಿಯ ಕೆಳಗೆ ಉದ್ದ, ತಯಾರಿ ಬೇರೆ ಬೇರೆಯಾದ ಟ್ಯೂಬುಗಳನ್ನು ಬೆರೆಸಿದರೆ ಒಂದು ಹೊಳೆಯುತ್ತದೆ, ಇನ್ನೊಂದು ಮಂಕಾಗುತ್ತದೆ. ಹೊಸ ಟ್ಯೂಬನ್ನು ತಗ್ಗಿಸುವ ಮೊದಲು 100 ತಾಸು ಪೂರ್ಣ ಬೆಳಕಿನಲ್ಲಿ ಉರಿಸಿರಿ ಎಂದು ಹೇಳುವ ತಯಾರಕರೂ ಇದ್ದಾರೆ.

ಇಷ್ಟನ್ನೂ ತಿಳಿದವನು ಪರವಾನಗಿಯುಳ್ಳ ವೈರ್‌ಮನ್. ಆದರೆ ನಡೆಯುವುದೇನು? ‘ಏ ಮಾಣಿ, ಆ ಮೇಜು ಹತ್ತಿ ಟ್ಯೂಬು ಬದಲಾಯಿಸು’ ಎಂಬ ಅಪ್ಪಣೆ. ನೆಲ ಒದ್ದೆ, ಕೈ ಒದ್ದೆ, ಮೇಜು ಅಲುಗಾಡುತ್ತದೆ, ಮೇನ್ ಸ್ವಿಚ್ಚು ತೆಗೆದಿರುವುದಿಲ್ಲ. ಇಂಥ ಅಪ್ಪಣೆಗೆ ಇಲ್ಲವೆನ್ನುವ ಧೈರ್ಯ ನಮ್ಮ ಹುಡುಗರಿಗೆ ಬರಬೇಕು. ದೀಪ ಕಟ್ಟುವುದು ಮಾಣಿಯ ಕೆಲಸವಲ್ಲ.

ಈಗ ಹೊಸದಾಗಿ ಟ್ಯೂಬು ಹಾಕಿಸಬೇಕೇ ಎಂದು ಕೇಳಿದರೆ, ಬೇಡ ಎನ್ನುತ್ತೇವೆ. ಪಾದರಸ ವಿಷ. ಅದನ್ನು ಕಡಿಮೆ ಮಾಡಲು ದೇಶಗಳು ಮಿನಮಾತಾ ಒಪ್ಪಂದ ಮಾಡಿಕೊಂಡಿವೆ. ಭಾರತ 2018ರಲ್ಲಿ ಅದನ್ನು ಅಂಗೀಕರಿಸಿತು. ಉದ್ದ ಟ್ಯೂಬುಗಳ ತಯಾರಿಕೆ ಮತ್ತು ಆಮದು ರಫ್ತನ್ನು 2027ರ ಹೊತ್ತಿಗೆ ನಿಲ್ಲಿಸಬೇಕೆಂದು 2023ರ ಸಭೆಯಲ್ಲಿ ನಿರ್ಣಯವಾಗಿದೆ. ಹೊಸ ಕೆಲಸಕ್ಕೆ ಎಲ್‌ಇಡಿಯೇ ಸರಿ. ಆದರೆ ಎಲ್‌ಇಡಿ ಎಂದೊಡನೆ ಕಣ್ಣು ಮುಚ್ಚಿ ಒಪ್ಪಬೇಡಿ. ಅಗ್ಗದ ಎಲ್‌ಇಡಿಯೂ ಮಿಣುಕುತ್ತದೆ. ಬೆಳಕು ತಗ್ಗಿಸಬಹುದು ಎಂದು ದೀಪದ ಮೇಲೆಯೇ ಬರೆದಿರಬೇಕು, ಗುಂಡಿ ಅದಕ್ಕೆ ಹೊಂದಬೇಕು. ಹಳೆಯ ಪಟ್ಟಿಗೆ ಎಲ್‌ಇಡಿ ಕೊಳವೆ ಸಿಕ್ಕಿಸುವ ಮುನ್ನ ಒಳಗಿನ ಚೋಕನ್ನು ತೆಗೆಯಬೇಕೇ ಇಡಬೇಕೇ ಎಂದು ತಯಾರಕರ ಚೀಟಿ ಓದಬೇಕು. ಕಿತ್ತ ಟ್ಯೂಬನ್ನು ಕಸದ ಡಬ್ಬಿಗೆ ತುರುಕಬಾರದು. ಅದು ಇ-ತ್ಯಾಜ್ಯದವರಿಗೆ ಹೋಗಬೇಕು. ಒಡೆದರೆ ಕಿಟಕಿ ತೆರೆದು, ಜನರನ್ನು ಹೊರಗೆ ಕಳಿಸಿ, ಸ್ವಲ್ಪ ಹೊತ್ತಿನ ಮೇಲೆ ಚೂರುಗಳನ್ನು ದಪ್ಪ ಕಾಗದದಿಂದ ಎತ್ತಿ ಮುಚ್ಚಳದ ಡಬ್ಬಿಗೆ ಹಾಕಿರಿ. ಬರಿಗೈ ಬೇಡ, ಪೊರಕೆಯೂ ಬೇಡ.

ಧಣಿಗಳು ಖರ್ಚಿನ ಲೆಕ್ಕ ಹೇಳುತ್ತಾರೆ. ಅವರಲ್ಲಿ ಅನೇಕರು ಒಂದು ಕಾಲಕ್ಕೆ ಊರು ಬಿಟ್ಟು ಬಂದು ನಮ್ಮಂತೆಯೇ ಪಾತ್ರೆ ತೊಳೆದವರು. ಅವರೊಡನೆ ಲೆಕ್ಕದಿಂದಲೇ ಮಾತಾಡೋಣ. ಸತ್ತೆನೋ ಬದುಕಿದೆನೋ ಎನ್ನುವ ಟ್ಯೂಬೂ ಕರೆಂಟು ತಿನ್ನುತ್ತದೆ. ಕಿಟಕಿಯ ಬಳಿ ಹಗಲು ಬೆಳಕಿಗೆ ತಕ್ಕಂತೆ ದೀಪ ತಗ್ಗಿಸಿದರೆ ಬಿಲ್ಲು ಇಳಿಯುತ್ತದೆ. ಆ ಉಳಿತಾಯ ಹಾಲಿನಲ್ಲಿ ಆಗಲಿ, ಚೂರಿ ಆಡುವಲ್ಲಿ ಬೇಡ. 2002ರ ಅಂತರರಾಷ್ಟ್ರೀಯ ಮಾನದಂಡ ಅಡುಗೆಮನೆಗೆ 500 ಲಕ್ಸ್ ಬೆಳಕು ಹೇಳಿತ್ತು. ಕೈಯಲ್ಲಿರುವ ಮೊಬೈಲಿನಲ್ಲೇ ಇದನ್ನು ಅಂದಾಜು ಅಳೆಯಬಹುದು. ಅಳೆದು ಬರೆದಿಟ್ಟುಕೊಳ್ಳಿ, ಮಾತಿಗಿಂತ ಅಂಕಿಗೆ ಬೆಲೆ ಹೆಚ್ಚು.

ಕಾಯಿದೆಯೂ ನಮ್ಮ ಕಡೆಗಿದೆ. ಕೆಲಸ ಮಾಡುವ, ಓಡಾಡುವ ಪ್ರತಿ ಜಾಗದಲ್ಲಿ ಸಾಕಷ್ಟು, ತಕ್ಕ ಬೆಳಕಿರಬೇಕು, ಕಣ್ಣು ಕೋರೈಸಬಾರದು, ನೆರಳು ಬಿದ್ದು ಅಪಘಾತವಾಗಬಾರದು ಎಂದು 1948ರ ಕಾರ್ಖಾನೆ ಕಾಯಿದೆಯ 17ನೆಯ ಕಲಮಿನಲ್ಲಿ ಬರೆದಿತ್ತು. ಹಳೆಯ ಕಾಯಿದೆಗಳನ್ನು ಕೂಡಿಸಿ ಸಂಸತ್ತು 2020ರಲ್ಲಿ ಮಾಡಿದ ಸಂಹಿತೆಯಲ್ಲೂ ಬೆಳಕಿನ ಮಾತಿದೆ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಬೆಳಕಿನ ಹೊಣೆಯನ್ನು ಮಾಲಿಕರ ಮೇಲೆ ಹಾಕಿದೆ. ಕಾಯಿದೆ ಪುಸ್ತಕದಲ್ಲಿದ್ದರೆ ಸಾಲದು, ಕಾವಲಿಯ ಮೇಲೆ ಉರಿಯಬೇಕು.

ಹಾಗಾದರೆ ನಾವು ಕೇಳುವುದೇನು? ಹೋಟೆಲು ನವೀಕರಿಸುವಾಗ ಮೊದಲು ಅಡುಗೆಮನೆಯ ದೀಪ, ಆಮೇಲೆ ಹಾಲಿನ ದೀಪ. ಕಾವಲಿ, ಮಣೆ, ಮೋರಿ, ಮೆಟ್ಟಲು ಈ ನಾಲ್ಕು ಕಡೆ ತಗ್ಗಿಸುವ ಗುಂಡಿ ಇರಕೂಡದು, ಪೂರ್ಣ ಬೆಳಕೇ ಇರಬೇಕು. ಹಬೆ, ಜಿಡ್ಡು ತಾಗದಂತೆ, ಒಡೆದ ಗಾಜು ಹಿಟ್ಟಿಗೆ ಬೀಳದಂತೆ ದೀಪಗಳಿಗೆ ಮುಚ್ಚಳ ಹಾಕಿ ಆಗಾಗ ಒರೆಸಬೇಕು. ಗಿರಣಿಗಳಲ್ಲಿ, ಮಗ್ಗದ ಶೆಡ್ಡುಗಳಲ್ಲಿ ಮಿಣುಕದ ದೀಪ ಬೇಕು.

ತಗ್ಗಿಸುವ ಗುಂಡಿ ನಮಗೆ ಬೇಕಾದ ಜಾಗವೂ ಒಂದಿದೆ. ಅದು ನಾವು ಮಲಗುವ ಕೋಣೆ. ರಾತ್ರಿಶಾಲೆಯಿಂದ ಬಂದ ಹುಡುಗ ಒಂದು ಪುಟ ಓದಬೇಕೆಂದರೆ ಹತ್ತು ಜನರ ನಿದ್ದೆ ಕೆಡುತ್ತದೆ. ನಾಲ್ಕು ಗಂಟೆಗೆ ಒಲೆ ಹಚ್ಚಲು ಏಳುವ ಭಟ್ಟರು ದೀಪ ಹಾಕಿದರೆ, ಹನ್ನೆರಡರ ವರೆಗೆ ಮೇಜು ಒರೆಸಿದವನ ಮುಖಕ್ಕೆ ಬೆಳಕು ಹೊಡೆಯುತ್ತದೆ. ಗಿರಾಕಿಯ ಅರ್ಧ ತಾಸಿನ ಊಟಕ್ಕೆ ತಂಪು ಬೆಳಕು ಬೇಕಾದರೆ, ದಿನವಿಡೀ ದುಡಿದವನ ನಿದ್ದೆಗೆ ಬೇಡವೇ?

ಬಂಧುಗಳೇ, ನಿಮ್ಮ ಹೋಟೆಲಿನಲ್ಲಿ ರಿಪೇರಿ ಮಾತು ಬಂದ ದಿನವೇ ನಾಲ್ಕು ಜನ ಕೂಡಿ ಧಣಿಗಳ ಬಳಿ ಹೋಗಿ ಈ ಮಾತು ಹೇಳಿರಿ. ವೈರು ಎಳೆದು ಗೋಡೆ ಮುಚ್ಚಿದ ಮೇಲೆ ಹೇಳಿ ಫಲವಿಲ್ಲ. ಒಬ್ಬರೇ ಹೋಗಲು ಅಂಜಿಕೆಯಾದರೆ ಸಂಘಕ್ಕೆ ತಿಳಿಸಿರಿ, ನಾವೂ ಜೊತೆಗೆ ಬರುತ್ತೇವೆ.